ಡೀಸೆಲ್ ಲಾರಿ ಎಂಜಿನ್ನಿಗೆ ಮನೆಯಲ್ಲೇ ಟ್ಯಾಪೆಟ್ ಸೆಟ್ಟಿಂಗ್: ಕವರ್ ಬಿಚ್ಚುವುದರಿಂದ ಮತ್ತೆ ಸ್ಟಾರ್ಟ್ ಮಾಡುವವರೆಗೆ

ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಣ್ಣ ಗ್ಯಾಪನ್ನು ಸರಿ ಮಾಡುವುದೇ ಟ್ಯಾಪೆಟ್ ಸೆಟ್ಟಿಂಗ್. ಟ್ಯಾಪೆಟ್ ಶಬ್ದ ಬಂದರೆ ಎಲ್ಲರಿಗೂ ಗಾಬರಿ. ಶಬ್ದ ಬರದಿದ್ದರೆ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಆದರೆ ವಾಲ್ವ್ ಸುಡುವುದು ಹೆಚ್ಚಾಗಿ ಶಬ್ದ ಮಾಡದ ಎಂಜಿನ್ನಿನಲ್ಲೇ.

ಒಂದು ಆರು ಸಿಲಿಂಡರ್ ಎಂಜಿನ್ ನನ್ನ ಕೈಗೆ ಬಂದಾಗ ಬಹಳ ನಯವಾಗಿ ಓಡುತ್ತಿತ್ತು. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದೆರಡು ನಿಮಿಷ ಬಿಳಿ ಹೊಗೆ, ಸ್ವಲ್ಪ ಅದುರಾಟ. ಇಂಜೆಕ್ಟರ್ ತೊಂದರೆ ಇರಬೇಕು ಅಂದುಕೊಂಡು ತಿಂಗಳುಗಟ್ಟಲೆ ಹಾಗೇ ಓಡಿಸಿದೆ. ಕೊನೆಗೆ ರಾಕರ್ ಕವರ್ ಬಿಚ್ಚಿ ಫೀಲರ್ ಗೇಜ್ (ಅಳತೆ ಗೊತ್ತಿರುವ ತೆಳು ಲೋಹದ ಎಲೆಗಳ ಕಟ್ಟು) ಹಾಕಿದರೆ 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಗ್ಯಾಪೇ ಇರಲಿಲ್ಲ. ಕಟ್ಟಿನಲ್ಲಿದ್ದ ಅತಿ ತೆಳುವಾದ ಎಲೆ 0.05 ಮಿ.ಮೀ., ಅದೂ ಒಳಗೆ ಹೋಗಲಿಲ್ಲ. ಹಿಂದೆ ಯಾರೋ ಶಬ್ದ ಕಡಿಮೆಯಾಗಲಿ ಅಂತ ಬಿಗಿ ಮಾಡಿಟ್ಟಿದ್ದರು. ಹೆಡ್ ಇಳಿಸಿದಾಗ ಆ ವಾಲ್ವಿನ ಅಂಚು ಒಂದು ಕಡೆ ಕರಗಿ ಹಲ್ಲು ಮುರಿದ ಹಾಗೆ ಕಾಣುತ್ತಿತ್ತು. ಅರ್ಧ ದಿನದ ಕೆಲಸಕ್ಕೆ ಮುಗಿಯಬೇಕಾದದ್ದು ಹೆಡ್ ಕೆಲಸಕ್ಕೆ ಹೋಯಿತು.

ಅದಾದ ಮೇಲೆ ನಾನು ಟ್ಯಾಪೆಟ್ ಸೆಟ್ಟಿಂಗನ್ನು ಕಿವಿ ನಂಬಿ ಮಾಡುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಸ್ಕ್ರೂ ಮುಟ್ಟುವ ಮೊದಲು ಪ್ರತಿ ವಾಲ್ವಿನ ಗ್ಯಾಪ್ ಅಳೆದು ಅದರಲ್ಲಿ ಬರೆಯುತ್ತೇನೆ. ಈ ಬರಹದಲ್ಲಿ ಒಂದೇ ಒಂದು ವಿಷಯ ನಿಮ್ಮ ತಲೆಯಲ್ಲಿ ಉಳಿಯಬೇಕು ಅಂದರೆ ಅದು ಇದೇ: ಮೊದಲು ಅಳೆದು ಬರೆಯಿರಿ, ಆಮೇಲೆ ತಿರುಗಿಸಿ.

ಗ್ಯಾಪ್ ಯಾಕೆ ಬೇಕು

ಕ್ಯಾಮ್ ಶಾಫ್ಟ್ ತಿರುಗುತ್ತದೆ. ಅದು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು ಎತ್ತುತ್ತದೆ, ಪುಶ್ ರಾಡ್ ರಾಕರ್ ಆರ್ಮಿನ ಒಂದು ತುದಿಯನ್ನು ಎತ್ತುತ್ತದೆ. ರಾಕರಿನ ಇನ್ನೊಂದು ತುದಿ ವಾಲ್ವನ್ನು ಕೆಳಗೆ ಒತ್ತುತ್ತದೆ. ಈ ಸಾಲಿನಲ್ಲಿ ಎಲ್ಲಾ ಉಕ್ಕು, ಕಬ್ಬಿಣ. ಬಿಸಿಯಾದರೆ ಉದ್ದವಾಗುತ್ತದೆ. 150 ಮಿ.ಮೀ. ಉದ್ದದ ಉಕ್ಕಿನ ಕಡ್ಡಿ 100 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿಯಾದರೆ ಸುಮಾರು 0.18 ಮಿ.ಮೀ. ಬೆಳೆಯುತ್ತದೆ. ಎಕ್ಸಾಸ್ಟ್ ವಾಲ್ವಿನ ತಲೆ ಲೋಡಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕಾಯುತ್ತದೆ. ಬೆಳೆಯಲು ಜಾಗ ಬಿಡದಿದ್ದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಎಕ್ಸಾಸ್ಟಿಗೆ ಇನ್‌ಲೆಟ್‌ಗಿಂತ ಜಾಸ್ತಿ ಗ್ಯಾಪ್ ಕೊಡುವುದು ಇದಕ್ಕೇ. ಇನ್‌ಲೆಟ್ ವಾಲ್ವನ್ನು ಪ್ರತಿ ಸಲ ಒಳಬರುವ ಗಾಳಿ ತಣಿಸುತ್ತದೆ, ಎಕ್ಸಾಸ್ಟಿಗೆ ಆ ಭಾಗ್ಯ ಇಲ್ಲ.

ಮುಚ್ಚಿಕೊಳ್ಳದ ವಾಲ್ವಿಗೆ ಎರಡು ಪೆಟ್ಟು. ಒಂದು, ಉರಿಯುವ ಅನಿಲ ಸಂದಿಯಿಂದ ನುಗ್ಗಿ ಅಂಚನ್ನು ಕೊರೆಯುತ್ತದೆ. ಎರಡನೆಯದು ಅದಕ್ಕಿಂತ ಮುಖ್ಯ. ವಾಲ್ವ್ ತನ್ನ ಬಿಸಿಯ ದೊಡ್ಡ ಪಾಲನ್ನು ಸೀಟಿಗೆ, ಅಂದರೆ ಮುಚ್ಚಿದಾಗ ತಾನು ಕೂರುವ ಜಾಗಕ್ಕೆ, ಕೊಟ್ಟೇ ತಣ್ಣಗಾಗುತ್ತದೆ. ಸೀಟ್ ಮೇಲೆ ಸರಿಯಾಗಿ ಕೂರದಿದ್ದರೆ ಆ ದಾರಿ ಮುಚ್ಚಿತು. ಇನ್ನೂ ಬಿಸಿಯಾಗುತ್ತದೆ, ಇನ್ನೂ ಉದ್ದವಾಗುತ್ತದೆ, ಇನ್ನೂ ತೆರೆದುಕೊಳ್ಳುತ್ತದೆ. ಇಷ್ಟೆಲ್ಲಾ ನಡೆಯುವಾಗ ಶಬ್ದ ಮಾತ್ರ ಇಲ್ಲ.

ಗ್ಯಾಪ್ ಜಾಸ್ತಿಯಾದರೆ ಟಕ್ ಟಕ್ ಶಬ್ದ, ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುವುದು, ರಾಕರ್ ತುದಿ ಸುತ್ತಿಗೆಯ ಹಾಗೆ ಬಡಿದು ಸವೆಯುವುದು. ಅದೂ ತಪ್ಪೇ. ಆದರೆ ಎರಡರಲ್ಲಿ ಒಂದು ಆರಿಸಬೇಕಾದರೆ ನಾನು ಒಂದು ಕೂದಲೆಳೆ ಸಡಿಲ ಇರುವುದನ್ನೇ ಆರಿಸುತ್ತೇನೆ.

ನಿಮ್ಮ ಎಂಜಿನ್ ಯಾವ ಬಗೆಯದು

ಈ ವಿಧಾನ ರಾಕರಿನಲ್ಲಿ ಸ್ಕ್ರೂ ಮತ್ತು ಲಾಕ್ ನಟ್ ಇರುವ ಎಂಜಿನ್ನುಗಳಿಗೆ. ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಎಣ್ಣೆಯ ಒತ್ತಡವೇ ಗ್ಯಾಪನ್ನು ತುಂಬುತ್ತದೆ, ಹೀಗೆ ಸೆಟ್ ಮಾಡುವ ಕೆಲಸ ಇಲ್ಲ. ಕೆಲವು ದೊಡ್ಡ ಎಂಜಿನ್ನುಗಳಲ್ಲಿ ಇಂಜೆಕ್ಟರನ್ನೂ ಕ್ಯಾಮ್ ಶಾಫ್ಟೇ ಒತ್ತುತ್ತದೆ. ಅಲ್ಲಿ ಪ್ರತಿ ಸಿಲಿಂಡರಿಗೆ ಮೂರನೆಯದೊಂದು ರಾಕರ್ ಕಾಣುತ್ತದೆ. ಅದರ ಸೆಟ್ಟಿಂಗ್ ಬೇರೆಯೇ ಲೆಕ್ಕ. ಅದನ್ನು ವಾಲ್ವ್ ರಾಕರ್ ಅಂದುಕೊಂಡು ತಿರುಗಿಸಬೇಡಿ.

ಅಳತೆಯನ್ನು ನಿಮ್ಮದೇ ಎಂಜಿನ್ನಿನ ಸರ್ವೀಸ್ ಮ್ಯಾನುಯಲ್ಲಿನಿಂದ ಅಥವಾ ಎಂಜಿನ್ ಮೇಲೆ ಅಂಟಿಸಿರುವ ಪ್ಲೇಟಿನಿಂದಲೇ ತೆಗೆದುಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಕಮಿನ್ಸ್ 5.9 ಲೀಟರಿನ 12 ವಾಲ್ವ್ ಎಂಜಿನ್ನಿಗೆ ಇನ್‌ಲೆಟ್ 0.010 ಇಂಚು, ಎಕ್ಸಾಸ್ಟ್ 0.020 ಇಂಚು. ಅಂದರೆ ಸುಮಾರು 0.25 ಮತ್ತು 0.51 ಮಿ.ಮೀ. ಅದೇ ಕುಟುಂಬದ 6.7 ಲೀಟರಿನ ಎಂಜಿನ್ನಿಗೆ ಇನ್‌ಲೆಟ್ ಅಷ್ಟೇ 0.010, ಆದರೆ ಎಕ್ಸಾಸ್ಟ್ 0.026 ಇಂಚು. 5.9ರ ಅಳತೆ 6.7ಕ್ಕೆ ಹಾಕಿದರೆ ಎಕ್ಸಾಸ್ಟ್ ಬಿಗಿಯಾಯಿತು ಅಂತಲೇ ಅರ್ಥ. ಕುಟುಂಬ ಒಂದೇ ಆದರೂ ಇಷ್ಟು ವ್ಯತ್ಯಾಸ ಇರುವಾಗ, ಪಕ್ಕದವರ ಗಾಡಿಯ ನಂಬರ್ ಕೇಳಿ ಹಾಕುವುದು ಸರಿಯಲ್ಲ ಅಲ್ವಾ?

ಮ್ಯಾನುಯಲ್ಲಿನಲ್ಲಿ ಇನ್ನೊಂದು ಮಾತು ನೋಡಿ: ಈ ಅಳತೆ ತಣ್ಣಗಿನ ಎಂಜಿನ್ನಿಗೋ, ಬಿಸಿ ಎಂಜಿನ್ನಿಗೋ? ಬಹಳಷ್ಟು ಎಂಜಿನ್ನುಗಳಿಗೆ ತಣ್ಣಗಿದ್ದಾಗಿನ ಅಳತೆ ಕೊಟ್ಟಿರುತ್ತಾರೆ. ಮೇಲೆ ಹೇಳಿದ ಕಮಿನ್ಸ್ ಎಂಜಿನ್ 60 ಡಿಗ್ರಿಗಿಂತ ಕೆಳಗಿರಬೇಕು. ನಾನಂತೂ ಹಿಂದಿನ ರಾತ್ರಿ ಗಾಡಿ ನಿಲ್ಲಿಸಿ ಬೆಳಗ್ಗೆ ಕೈ ಹಾಕುತ್ತೇನೆ. ಎಲ್ಲಾ ವಾಲ್ವುಗಳೂ ಒಂದೇ ತಾಪದಲ್ಲಿರುತ್ತವೆ.

ಬೇಕಾದ ಸಾಮಾನು

ಫೀಲರ್ ಗೇಜ್ ಎರಡು ಕಟ್ಟು ಇದ್ದರೆ ಚೆನ್ನ. ಒಂದು ಕಟ್ಟಿನಿಂದ ಇನ್‌ಲೆಟ್ ಎಲೆ, ಇನ್ನೊಂದರಿಂದ ಎಕ್ಸಾಸ್ಟ್ ಎಲೆ ಬಿಚ್ಚಿ ಬೇರೆ ಬೇರೆ ಇಟ್ಟುಕೊಂಡರೆ ಕೆಲಸದ ಮಧ್ಯೆ ಅದಲುಬದಲು ಆಗುವುದಿಲ್ಲ. ಎರಡು ಎಲೆ ಸೇರಿಸಿ 0.50 ಮಾಡುವುದಕ್ಕಿಂತ ಒಂದೇ ಎಲೆ ಉತ್ತಮ. ಎರಡರ ನಡುವೆ ಎಣ್ಣೆ ಸಿಕ್ಕಿಕೊಂಡು ಅಳತೆ ತಪ್ಪುತ್ತದೆ. ಎಲೆ ಬಾಗಿದ್ದರೆ, ತುದಿ ಮಡಚಿದ್ದರೆ ಎಸೆದು ಹೊಸದು ತನ್ನಿ.

ಲಾಕ್ ನಟ್ಟಿಗೆ ಸರಿಯಾದ ರಿಂಗ್ ಸ್ಪ್ಯಾನರ್, ಸ್ಕ್ರೂಗೆ ತಕ್ಕ ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ, ಟಾರ್ಕ್ ರೆಂಚ್, ಕವರ್ ಬಿಚ್ಚಲು ಸಾಕೆಟ್ ಸೆಟ್, ಕ್ರ್ಯಾಂಕ್ ತಿರುಗಿಸಲು ಉದ್ದ ಹಿಡಿಯ ರಾಟ್ಚೆಟ್ ಅಥವಾ ಬಾರಿಂಗ್ ಟೂಲ್ (ಫ್ಲೈವೀಲಿನ ಹಲ್ಲಿಗೆ ಸಿಕ್ಕಿಸಿ ಎಂಜಿನ್ ತಿರುಗಿಸುವ ಉಪಕರಣ). ಹೊಸ ಕವರ್ ಗ್ಯಾಸ್ಕೆಟ್. ಚಾಕ್ ಪೀಸ್ ಅಥವಾ ಮಾರ್ಕರ್. ಒಂದು ಟಾರ್ಚ್. ಒರೆಸಲು ನೂಲು ಬಿಡದ ಬಟ್ಟೆ. ಕಾಟನ್ ವೇಸ್ಟ್ ಬೇಡ, ಅದರ ಎಳೆಗಳು ರಾಕರಿನ ಎಣ್ಣೆ ತೂತಿಗೆ ಸೇರಿಕೊಳ್ಳುತ್ತವೆ. ಮತ್ತೆ ನೋಟ್‌ಬುಕ್, ಪೆನ್ನು.

ಗಾಡಿ ನಿಲ್ಲಿಸಿ ಕವರ್ ಬಿಚ್ಚುವುದು

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ, ಗೇರ್ ನ್ಯೂಟ್ರಲ್ ಮಾಡಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಎರಡು ಬ್ಯಾಟರಿ ಇದ್ದರೆ ಎರಡರದ್ದೂ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ನೀವು ಕ್ರ್ಯಾಂಕ್ ಮೇಲೆ ಸ್ಪ್ಯಾನರ್ ಇಟ್ಟಿರುವಾಗ ಯಾರಾದರೂ ಸುಮ್ನೆ ಕೀಲಿ ತಿರುಗಿಸಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಕ್ಯಾಬಿನ್ ಎತ್ತುವ ಗಾಡಿಯಾದರೆ ಪೂರ್ತಿ ಎತ್ತಿ, ಲಾಕ್ ಬಿದ್ದಿದೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ತಲೆ ಹಾಕಿ. ಹೈಡ್ರಾಲಿಕ್ ಜ್ಯಾಕ್ ಮಾತ್ರ ನಂಬಿ ಕ್ಯಾಬಿನ್ ಕೆಳಗೆ ನಿಲ್ಲಬೇಡಿ.

ಬಿಚ್ಚುವ ಮೊದಲು ಕವರ್ ಸುತ್ತ ಬ್ರಶ್ ಹಾಕಿ ಧೂಳು, ಜಿಡ್ಡು ತೆಗೆಯಿರಿ. ಈ ಐದು ನಿಮಿಷ ಉಳಿಸಲು ಹೋದರೆ ಮಣ್ಣು ನೇರವಾಗಿ ರಾಕರುಗಳ ಮೇಲೆ ಬೀಳುತ್ತದೆ. ಅಡ್ಡ ಬರುವ ಗಾಳಿ ಪೈಪ್, ಬ್ರೀದರ್ ಹೋಸ್ ಬಿಚ್ಚಿದರೆ ಅವುಗಳ ಬಾಯಿಗೆ ಬಟ್ಟೆ ತುರುಕಿ. ಕೊನೆಯಲ್ಲಿ ಬಟ್ಟೆ ತೆಗೆಯಲು ಮರೆಯದ ಹಾಗೆ ಅದರ ಬಾಲ ಹೊರಗೆ ನೇತಾಡುತ್ತಿರಲಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹೈ ಪ್ರೆಶರ್ ಪೈಪುಗಳನ್ನು ಆದಷ್ಟು ಮುಟ್ಟದೆ ಕೆಲಸ ಮುಗಿಸಿ. ಒಂದು ಕಣ ಮಣ್ಣು ಸಾಕು, ಇಂಜೆಕ್ಟರ್ ಹಾಳಾಗಲು.

ಕವರ್ ತೆಗೆದ ಕೂಡಲೇ ಸ್ಪ್ಯಾನರ್ ಎತ್ತಬೇಡಿ. ಟಾರ್ಚ್ ಹಾಕಿ ಒಂದು ಸುತ್ತು ನೋಡಿ. ಸ್ಪ್ರಿಂಗ್ ಮುರಿದಿದೆಯಾ? ಯಾವುದಾದರೂ ರಾಕರ್ ಉಳಿದವಕ್ಕಿಂತ ಒಣಗಿದ ಹಾಗೆ, ನೀಲಿ ತಿರುಗಿದ ಹಾಗೆ ಇದೆಯಾ? ಎಣ್ಣೆಯಲ್ಲಿ ಹಾಲಿನಂಥ ಬಿಳಿ ಪದರ ಇದೆಯಾ? ಒಣಗಿದ ರಾಕರ್ ಅಂದರೆ ಅಲ್ಲಿಗೆ ಎಣ್ಣೆ ಬರುತ್ತಿಲ್ಲ. ಅದನ್ನು ಬಿಟ್ಟು ಗ್ಯಾಪ್ ಮಾತ್ರ ಸರಿ ಮಾಡಿದರೆ ಪ್ರಯೋಜನ ಇಲ್ಲ.

ಎಂಜಿನ್ ತಿರುಗಿಸಿ ಟಿಡಿಸಿ ಹುಡುಕುವುದು

ಡೀಸೆಲ್ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಭಾರದ ಕೆಲಸ. ಕಂಪ್ರೆಶನ್ ಬಂದಾಗ ಗಟ್ಟಿಯಾಗುತ್ತದೆ. ಬಲ ಹಾಕಿ ಜಗ್ಗಬೇಡಿ. ನಿಧಾನ ಒತ್ತಡ ಕೊಟ್ಟು ಹಿಡಿದರೆ ಗಾಳಿ ರಿಂಗ್ ಸಂದಿಯಿಂದ ಸೋರಿ ತಾನೇ ಮುಂದೆ ಹೋಗುತ್ತದೆ. ಕೈ ಬಿಟ್ಟರೆ ಹಿಂದಕ್ಕೆ ಎಗರುತ್ತದೆ, ಆದ್ದರಿಂದ ಸ್ಪ್ಯಾನರಿನ ದಾರಿಯಲ್ಲಿ ಮುಖ, ಮೊಣಕೈ ಇರಬಾರದು. ತಿರುಗಿಸಿ ಆದ ಮೇಲೆ ಸ್ಪ್ಯಾನರ್ ಅಲ್ಲೇ ಬಿಡಬೇಡಿ. ಫ್ಯಾನ್ ಎಲೆ ಹಿಡಿದು ತಿರುಗಿಸುವುದೂ ಬೇಡ. ಫ್ಲೈವೀಲ್ ಹೌಸಿಂಗಿನಲ್ಲಿ ಬಾರಿಂಗ್ ಟೂಲಿಗೆ ಜಾಗ ಇದ್ದರೆ ಅದೇ ಎಲ್ಲಕ್ಕಿಂತ ಸುಲಭ.

ಯಾವಾಗಲೂ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಹೆಚ್ಚಿನವು ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕು. ಗುರುತು ದಾಟಿ ಹೋಯಿತು ಅಂದುಕೊಳ್ಳಿ. ಅಷ್ಟೇ ಹಿಂದೆ ತಂದು ನಿಲ್ಲಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ತಂದು ನಿಲ್ಲಿಸಿ. ಗೇರುಗಳ ಸಡಿಲ ಹೀಗೆ ಕಳೆಯುತ್ತದೆ.

ಟಿಡಿಸಿ ಅಂದರೆ ಪಿಸ್ಟನ್ ಸಿಲಿಂಡರಿನ ತುತ್ತತುದಿಗೆ ಬರುವ ಜಾಗ. ಫ್ಲೈವೀಲ್ ಅಥವಾ ಮುಂದಿನ ಪುಲ್ಲಿಯ ಮೇಲೆ ಟಿಡಿಸಿ ಗುರುತು ಇರುತ್ತದೆ. ಕಮಿನ್ಸ್ 5.9ರ 12 ವಾಲ್ವ್ ಎಂಜಿನ್ನಿನಲ್ಲಿ ಗೇರ್ ಹೌಸಿಂಗ್ ಹಿಂದೆ ಒಂದು ಟೈಮಿಂಗ್ ಪಿನ್ ಇದೆ. ಸರಿಯಾದ ಜಾಗ ಬಂದಾಗ ಅದು ಕ್ಯಾಮ್ ಗೇರಿನ ತೂತಿಗೆ ಇಳಿಯುತ್ತದೆ. ಇಳಿದದ್ದು ಗೊತ್ತಾದ ಕೂಡಲೇ ಹಿಂದಕ್ಕೆ ಎಳೆಯಿರಿ. ಪಿನ್ ಒಳಗಿರುವಾಗ ತಿರುಗಿಸಿದರೆ ಮುರಿಯುತ್ತದೆ.

ಈಗ ಬಹಳ ಜನ ಎಡವುವ ಜಾಗ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು. ಹಾಗಾಗಿ ಟಿಡಿಸಿ ಗುರುತು ಎರಡು ಸಲ ಬರುತ್ತದೆ. ಒಂದು ಸಲ 1ನೇ ಸಿಲಿಂಡರ್ ಕಂಪ್ರೆಶನ್ನಿನಲ್ಲಿರುತ್ತದೆ (ಎರಡೂ ವಾಲ್ವ್ ಮುಚ್ಚಿರುತ್ತವೆ), ಇನ್ನೊಂದು ಸಲ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯುತ್ತಾ ಇರುವ ಓವರ್‌ಲ್ಯಾಪಿನಲ್ಲಿ. ಗುರುತು ನೋಡಿ ಗೊತ್ತಾಗುವುದಿಲ್ಲ, ರಾಕರ್ ನೋಡಿ ಗೊತ್ತಾಗುತ್ತದೆ. 1ನೇ ಸಿಲಿಂಡರಿನ ಎರಡೂ ರಾಕರುಗಳನ್ನು ಬೆರಳಿನಿಂದ ಅಲುಗಾಡಿಸಿ. ಎರಡೂ ಸ್ವಲ್ಪ ಸ್ವಲ್ಪ ಕಟಕಟ ಅಂದರೆ ಕಂಪ್ರೆಶನ್. ಎರಡೂ ಬಿಗಿಯಾಗಿದ್ದರೆ ಓವರ್‌ಲ್ಯಾಪ್, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಆದರೆ ನನ್ನ ಎಂಜಿನ್ನಿನಲ್ಲಿದ್ದ ಹಾಗೆ ಒಂದು ವಾಲ್ವಿಗೆ ಗ್ಯಾಪೇ ಇಲ್ಲದಿದ್ದರೆ ಈ ಅಲುಗಾಟ ದಾರಿ ತಪ್ಪಿಸುತ್ತದೆ. ಅದಕ್ಕೆ ಜೋಡಿ ಸಿಲಿಂಡರನ್ನೂ, ಅಂದರೆ ಅದರ ಜೊತೆಗೇ ಪಿಸ್ಟನ್ ಏರಿ ಇಳಿಯುವ ಇನ್ನೊಂದು ಸಿಲಿಂಡರನ್ನೂ, ನೋಡಿ. ಆರು ಸಿಲಿಂಡರಿನ ಸಾಲು ಎಂಜಿನ್ನಿಗೆ 1ರ ಜೋಡಿ 6. ಟಿಡಿಸಿ ಹತ್ತಿರ ಕ್ರ್ಯಾಂಕನ್ನು ಹತ್ತು ಡಿಗ್ರಿ ಆಚೆ ಈಚೆ ಆಡಿಸುವಾಗ 6ನೇ ಸಿಲಿಂಡರಿನ ಒಂದು ರಾಕರ್ ಏಳುತ್ತಾ, ಇನ್ನೊಂದು ಇಳಿಯುತ್ತಾ ಇದ್ದರೆ 6 ಓವರ್‌ಲ್ಯಾಪಿನಲ್ಲಿದೆ. ಅಂದರೆ 1 ಕಂಪ್ರೆಶನ್ನಿನಲ್ಲೇ ಇದೆ, ಅನುಮಾನ ಬೇಡ. ಇನ್‌ಲೆಟ್ ಯಾವುದು, ಎಕ್ಸಾಸ್ಟ್ ಯಾವುದು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಓಡುವ ದಿಕ್ಕಿಗೆ ತಿರುಗಿಸುವಾಗ ಓವರ್‌ಲ್ಯಾಪಿನಲ್ಲಿ ಮುಚ್ಚಿಕೊಳ್ಳುವ ವಾಲ್ವ್ ಎಕ್ಸಾಸ್ಟ್, ತೆರೆಯಲು ಶುರುವಾಗುವ ವಾಲ್ವ್ ಇನ್‌ಲೆಟ್. ಚಾಕ್ ಪೀಸಿನಿಂದ ಪ್ರತಿಯೊಂದರ ಪಕ್ಕ ಇ ಅಥವಾ ಎ ಅಂತ ಬರೆದುಬಿಡಿ.

ಎರಡು ಸಲ ನಿಲ್ಲಿಸಿದರೆ ಎಲ್ಲಾ ವಾಲ್ವೂ ಮುಗಿಯುತ್ತವೆ

ಫೈರಿಂಗ್ ಆರ್ಡರ್ (ಸಿಲಿಂಡರುಗಳು ಒಂದಾದ ಮೇಲೊಂದು ಉರಿಯುವ ಸರದಿ) 1-5-3-6-2-4 ಇರುವ ಆರು ಸಿಲಿಂಡರ್ ಎಂಜಿನ್ನಿಗೆ:

1ನೇ ಸಿಲಿಂಡರ್ ಕಂಪ್ರೆಶನ್ ಟಿಡಿಸಿಯಲ್ಲಿದ್ದಾಗ: ಇನ್‌ಲೆಟ್ 1, 2, 4. ಎಕ್ಸಾಸ್ಟ್ 1, 3, 5.
ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗಿಸಿದ ಮೇಲೆ: ಇನ್‌ಲೆಟ್ 3, 5, 6. ಎಕ್ಸಾಸ್ಟ್ 2, 4, 6.

ಫೈರಿಂಗ್ ಆರ್ಡರ್ 1-3-4-2 ಇರುವ ನಾಲ್ಕು ಸಿಲಿಂಡರಿಗೆ ಮೊದಲ ಸಲ ಇನ್‌ಲೆಟ್ 1, 2 ಮತ್ತು ಎಕ್ಸಾಸ್ಟ್ 1, 3. ಒಂದು ಸುತ್ತಿನ ನಂತರ ಇನ್‌ಲೆಟ್ 3, 4 ಮತ್ತು ಎಕ್ಸಾಸ್ಟ್ 2, 4.

ಟಿಡಿಸಿ ಗುರುತೇ ಅಳಿಸಿಹೋಗಿದ್ದರೆ, ಅಥವಾ ಈ ಪಟ್ಟಿ ಗೊಂದಲ ಅನ್ನಿಸಿದರೆ ಓವರ್‌ಲ್ಯಾಪ್ ವಿಧಾನ ಇದೆ. ಸ್ವಲ್ಪ ಜಾಸ್ತಿ ತಿರುಗಿಸಬೇಕು, ಆದರೆ ತಪ್ಪಾಗುವುದು ಕಷ್ಟ. ಯಾವ ಸಿಲಿಂಡರ್ ಓವರ್‌ಲ್ಯಾಪಿನಲ್ಲಿದೆಯೋ ಅದರ ಜೋಡಿಯ ಎರಡೂ ವಾಲ್ವ್ ಸೆಟ್ ಮಾಡಿ. ಆರು ಸಿಲಿಂಡರಿನಲ್ಲಿ ಜೋಡಿಗಳ ಮೊತ್ತ ಯಾವಾಗಲೂ 7: 1-6, 2-5, 3-4. ನಾಲ್ಕು ಸಿಲಿಂಡರಿನಲ್ಲಿ 5: 1-4, 2-3. ಆರಕ್ಕೆ ಕ್ರ್ಯಾಂಕ್ 120 ಡಿಗ್ರಿ, ನಾಲ್ಕಕ್ಕೆ 180 ಡಿಗ್ರಿ ತಿರುಗಿಸಿದಾಗಲೆಲ್ಲಾ ಫೈರಿಂಗ್ ಆರ್ಡರಿನ ಮುಂದಿನ ಸಿಲಿಂಡರಿನ ಸರದಿ ಬರುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುವುದು.

ಮೊದಲು ಅಳತೆ, ಅದೂ ಎಲ್ಲದ್ದು

ನೋಟ್‌ಬುಕ್ಕಿನಲ್ಲಿ ಸಿಲಿಂಡರ್ ನಂಬರ್ ಹಾಕಿ, ಪಕ್ಕದಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಅಂತ ಎರಡು ಕಾಲಂ ಎಳೆಯಿರಿ. ಈಗ ಯಾವ ನಟ್ಟನ್ನೂ ಸಡಿಲಿಸದೆ ಒಂದೊಂದೇ ಅಳೆಯಿರಿ. ಪುಶ್ ರಾಡ್ ಕಡೆಯ ರಾಕರ್ ತುದಿಯನ್ನು ಬೆರಳಿನಿಂದ ಕೆಳಗೆ ಒತ್ತಿ ಹಿಡಿದು, ಇನ್ನೊಂದು ಕಡೆ ರಾಕರ್ ಮತ್ತು ವಾಲ್ವ್ ತುದಿಯ ನಡುವೆ ಎಲೆ ಹಾಕಿ. 0.25 ಹೋಗುತ್ತದೆ, 0.30 ಹೋಗುವುದಿಲ್ಲ ಅಂದರೆ ಗ್ಯಾಪ್ ಆ ಎರಡರ ನಡುವೆ ಇದೆ. ಮತ್ತೆ ಎರಡು ಸುತ್ತು ತಿರುಗಿಸುವುದು ಬೇಸರ ಅನ್ನಿಸಬಹುದು. ಆದರೆ ಒಮ್ಮೆ ತಿರುಗಿಸಿಬಿಟ್ಟರೆ ಹಳೆಯ ಅಳತೆ ಹೋಯಿತು, ಮತ್ತೆ ಸಿಗುವುದಿಲ್ಲ. ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಅನ್ನುವುದನ್ನು ಹೇಳುವುದು ಆ ಹಳೆಯ ಅಂಕಿಗಳೇ.

ಸ್ಕ್ರೂ ತಿರುಗಿಸುವುದು

ರಿಂಗ್ ಸ್ಪ್ಯಾನರಿನಿಂದ ಲಾಕ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚುವುದು ಬೇಡ. ಸ್ಕ್ರೂವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಗ್ಯಾಪ್ ದೊಡ್ಡದು ಮಾಡಿ. ಈ ಹೊತ್ತಿಗೆ ಪುಶ್ ರಾಡನ್ನು ಎರಡು ಬೆರಳಿನಿಂದ ಹಿಡಿದು ತಿರುಗಿಸಿ ನೋಡಿ. ನೆಟ್ಟಗೆ ತಿರುಗಬೇಕು. ತಿರುಗುವಾಗ ಆಚೆ ಈಚೆ ಓಲಾಡಿದರೆ ಬಾಗಿದೆ.

ಸರಿಯಾದ ಎಲೆ ಹಾಕಿ. ಎಲೆ ನೆಟ್ಟಗೆ, ಸಮವಾಗಿ ಒಳಗಿರಬೇಕು, ಮೂಲೆಯಿಂದ ಓರೆಯಾಗಿ ಅಲ್ಲ. ಒಂದು ಕೈಯಲ್ಲಿ ಎಲೆಯನ್ನು ಹಿಂದೆ ಮುಂದೆ ಆಡಿಸುತ್ತಾ ಇನ್ನೊಂದು ಕೈಯಲ್ಲಿ ಸ್ಕ್ರೂ ನಿಧಾನ ಇಳಿಸಿ. ಮೊದಲು ಎಲೆ ಗಾಳಿಯಲ್ಲಿ ಆಡಿದ ಹಾಗೆ ಆಡುತ್ತದೆ. ಆಮೇಲೆ ಒಂದು ಹಂತದಲ್ಲಿ ಎಣ್ಣೆ ಹಿಡಿದುಕೊಂಡ ಹಾಗೆ ತುಸು ಎಳೆತ ಸಿಗುತ್ತದೆ. ಮೇಜಿನ ಮೇಲಿನ ಕಾಗದದ ಮೇಲೆ ಅಂಗೈ ಹಗುರವಾಗಿ ಇಟ್ಟು, ಆ ಕಾಗದವನ್ನು ಎಳೆದರೆ ಎಷ್ಟು ತಡೆ ಸಿಗುತ್ತದೋ ಅಷ್ಟು. ಅಲ್ಲಿ ನಿಲ್ಲಿಸಿ. ಎಲೆ ಒಳಗೆ ತಳ್ಳಿದರೆ ಬಾಗುತ್ತದೆ, ಎಳೆದರೆ ಮಾತ್ರ ಬರುತ್ತದೆ ಅಂದರೆ ಬಿಗಿ ಜಾಸ್ತಿಯಾಯಿತು.

ಸ್ಕ್ರೂಡ್ರೈವರ್ ಅಲ್ಲಾಡದ ಹಾಗೆ ಹಿಡಿದು ಲಾಕ್ ನಟ್ ಬಿಗಿ ಮಾಡಿ. ಇಲ್ಲಿಗೆ ಮುಗಿಯಿತು ಅಂದುಕೊಂಡರೆ ತಪ್ಪು. ನಟ್ ತಿರುಗುವಾಗ ಸ್ಕ್ರೂವನ್ನೂ ಜೊತೆಗೆ ಎಳೆದುಕೊಂಡು ಹೋಗಿ ಗ್ಯಾಪ್ ಕಡಿಮೆ ಮಾಡಬಹುದು. ಸ್ಕ್ರೂ ಅಲುಗದಿದ್ದರೂ ಥ್ರೆಡ್ಡಿನ ಸಡಿಲ ಕಳೆದು ಅದು ಕೂದಲಷ್ಟು ಮೇಲೆ ಸರಿಯಬಹುದು. ಹಾಗಾಗಿ ಟಾರ್ಕ್ ಮಾಡಿದ ಮೇಲೆ ಮತ್ತೆ ಎಲೆ ಹಾಕಿ. ಕಮಿನ್ಸ್ 5.9ರ 12 ವಾಲ್ವ್ ಎಂಜಿನ್ನಿನ ಲಾಕ್ ನಟ್ಟಿಗೆ 24 ನ್ಯೂಟನ್ ಮೀಟರ್. ನಿಮ್ಮದಕ್ಕೆ ಎಷ್ಟು ಅಂತ ಮ್ಯಾನುಯಲ್ ನೋಡಿ. ಎರಡು ಮೂರು ವಾಲ್ವ್ ಮಾಡುವಷ್ಟರಲ್ಲಿ ನಿಮ್ಮ ಕೈಗೆ ಗೊತ್ತಾಗುತ್ತದೆ, ಬಿಗಿ ಮಾಡಿದಾಗ ಎಷ್ಟು ಬದಲಾಗುತ್ತದೆ ಅಂತ. ಅಷ್ಟನ್ನು ಮೊದಲೇ ಲೆಕ್ಕ ಹಿಡಿದು ಸೆಟ್ ಮಾಡಬಹುದು.

ಕೈಯ ಅಂದಾಜಿನ ಮೇಲೆ ಪೂರ್ತಿ ಭಾರ ಹಾಕಬಾರದು ಅಂತ ನಾನು ಕೊನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡುತ್ತೇನೆ. 0.25 ಬೇಕಿದ್ದರೆ 0.25ರ ಎಲೆ ತುಸು ಎಳೆತದೊಂದಿಗೆ ಹೋಗಬೇಕು, 0.30ರ ಎಲೆ ಹೋಗಲೇಬಾರದು. ಎರಡೂ ಸರಿಯಾದರೆ ಅದರ ಪಕ್ಕ ಚಾಕ್ ಪೀಸಿನಲ್ಲಿ ಗೀರು ಹಾಕಿ, ನೋಟ್‌ಬುಕ್ಕಿನಲ್ಲಿ ಹೊಸ ಅಳತೆ ಬರೆದು ಮುಂದಿನದಕ್ಕೆ ಹೋಗಿ.

ಜಾಸ್ತಿ ಓಡಿದ ಎಂಜಿನ್ನಿನಲ್ಲಿ ಒಂದು ಮೋಸ ಇದೆ. ರಾಕರಿನ ತುದಿಯಲ್ಲಿ ವಾಲ್ವ್ ಬಡಿದು ಬಡಿದು ಸಣ್ಣ ಕುಳಿ ಬಿದ್ದಿರುತ್ತದೆ. ಫೀಲರ್ ಎಲೆ ಚಪ್ಪಟೆ. ಅದು ಕುಳಿಯ ಎರಡು ಅಂಚಿನ ಮೇಲೆ ಹಲಗೆಯ ಹಾಗೆ ಕೂರುತ್ತದೆ, ಕುಳಿಯ ಆಳಕ್ಕೆ ಇಳಿಯುವುದಿಲ್ಲ. ಕುಳಿ 0.10 ಮಿ.ಮೀ. ಆಳ ಇದ್ದರೆ ನೀವು 0.25 ಅಂತ ಓದಿದ್ದು ನಿಜವಾಗಿ 0.35. ಉಗುರಿನ ತುದಿಯಿಂದ ರಾಕರ್ ತುದಿಯನ್ನು ಸವರಿ, ಕುಳಿ ಇದ್ದರೆ ಉಗುರಿಗೆ ತಾಗುತ್ತದೆ. ಅಂಥ ಕಡೆ ರಾಕರ್ ಬದಲಾಯಿಸುವುದೇ ಸರಿ. ಅಲ್ಲಿಯವರೆಗೆ ಡಯಲ್ ಗೇಜ್ ಇಟ್ಟು ರಾಕರ್ ಎಷ್ಟು ಅಲುಗುತ್ತದೆ ಅಂತ ಅಳೆಯಬಹುದು. ಸೆಟ್ಟಿಂಗ್ ಪಕ್ಕಾ ಇದ್ದರೂ ಶಬ್ದ ಹೋಗುವುದಿಲ್ಲ ಅಂತ ಇನ್ನಷ್ಟು ಬಿಗಿ ಮಾಡುವವರು ಹೆಚ್ಚಾಗಿ ಈ ಕುಳಿಯನ್ನು ನೋಡಿರುವುದಿಲ್ಲ.

ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದರೆ

ಇಲ್ಲಿ ಒಂದು ರಾಕರ್ ಎರಡು ವಾಲ್ವುಗಳನ್ನು ಒತ್ತುತ್ತದೆ. ನಡುವೆ ಬ್ರಿಡ್ಜ್ ಅನ್ನುವ ಅಡ್ಡ ತುಂಡು ಇರುತ್ತದೆ. ಕೆಲವು ಬ್ರಿಡ್ಜ್ ಸುಮ್ನೆ ಎರಡು ವಾಲ್ವಿನ ಮೇಲೆ ಕೂತಿರುತ್ತವೆ, ಗ್ಯಾಪನ್ನು ರಾಕರ್ ಮತ್ತು ಬ್ರಿಡ್ಜ್ ನಡುವೆ ಅಳೆದರೆ ಸಾಕು. ಕೆಲವಕ್ಕೆ ಒಂದು ತುದಿಯಲ್ಲಿ ಪ್ರತ್ಯೇಕ ಸ್ಕ್ರೂ ಇರುತ್ತದೆ. ಅಂಥದ್ದಕ್ಕೆ ಮೊದಲು ಬ್ರಿಡ್ಜ್ ಸೆಟ್ ಮಾಡಬೇಕು. ಅದರ ಸ್ಕ್ರೂ ಹಿಂದಕ್ಕೆ ಬಿಟ್ಟು, ಬ್ರಿಡ್ಜನ್ನು ನಡುವಿನಲ್ಲಿ ಬೆರಳಿನಿಂದ ಒತ್ತಿ ಹಿಡಿದು, ಸ್ಕ್ರೂ ತನ್ನ ಕಡೆಯ ವಾಲ್ವಿನ ತುದಿಯನ್ನು ಬರೀ ಮುಟ್ಟುವವರೆಗೆ ಇಳಿಸಿ. ಮುಟ್ಟಿದ್ದು ಬೆರಳಿಗೇ ಗೊತ್ತಾಗುತ್ತದೆ. ಲಾಕ್ ಮಾಡಿ. ಆಮೇಲೆ ರಾಕರಿನ ಗ್ಯಾಪ್. ಬ್ರಿಡ್ಜ್ ಓರೆಯಾಗಿದ್ದರೆ ಒಂದು ವಾಲ್ವ್ ಮೊದಲು, ಇನ್ನೊಂದು ಆಮೇಲೆ ತೆರೆಯುತ್ತದೆ. ಯಾವ ಕಾರಣಕ್ಕಾದರೂ ಬ್ರಿಡ್ಜ್ ಹೊರತೆಗೆದರೆ ಅದೇ ಜಾಗಕ್ಕೆ, ಅದೇ ದಿಕ್ಕಿಗೆ ವಾಪಸ್ ಇಡಿ.

ಬರೆದುಕೊಂಡ ಅಂಕಿಗಳನ್ನು ಓದುವುದು

ಎಲ್ಲಾ ವಾಲ್ವುಗಳೂ ಒಂದು ನಾಲ್ಕೈದು ಪಾಯಿಂಟ್ ಹೆಚ್ಚು ಕಡಿಮೆ ಆಗಿದ್ದರೆ ಅದು ವಯಸ್ಸಿನ ಸವೆತ. ಪಾಯಿಂಟ್ ಅಂದರೆ ಇಲ್ಲಿ 0.01 ಮಿ.ಮೀ. ನಿದ್ದೆ ಕೆಡಿಸಿಕೊಳ್ಳಬೇಡಿ.

ಒಂದೇ ಒಂದು ಎಕ್ಸಾಸ್ಟ್ ಮಾತ್ರ ಉಳಿದವಕ್ಕಿಂತ ಬಹಳ ಬಿಗಿಯಾಗಿದ್ದರೆ ಗಮನ ಕೊಡಿ. ವಾಲ್ವ್ ಸೀಟಿನೊಳಗೆ ಇಳಿಯುತ್ತಿರಬಹುದು, ಅಥವಾ ವಾಲ್ವ್ ಕಾಂಡವೇ ಬಿಸಿಗೆ ಉದ್ದವಾಗುತ್ತಿರಬಹುದು. ಸೀಟಿಗೆ ಇಳಿದಷ್ಟೂ ವಾಲ್ವಿನ ತುದಿ ಮೇಲೆ ಬಂದು ಗ್ಯಾಪ್ ತಿನ್ನುತ್ತದೆ. ಸೆಟ್ ಮಾಡಿ, ಒಂದೆರಡು ಸಾವಿರ ಕಿಲೋಮೀಟರ್ ಆದ ಮೇಲೆ ಅದೊಂದನ್ನು ಮತ್ತೆ ಅಳೆಯಿರಿ. ಮತ್ತೆ ಬಿಗಿಯಾಗಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಿಸಿ, ಹೆಡ್ ಕೆಲಸಕ್ಕೆ ತಯಾರಾಗಿ. ಸ್ಕ್ರೂ ಸಡಿಲಿಸುತ್ತಾ ಹೋಗುವುದು ಪರಿಹಾರ ಅಲ್ಲ.

ಒಂದು ಮಾತ್ರ ಬಹಳ ಸಡಿಲ ಇದ್ದರೆ ರಾಕರ್, ಪುಶ್ ರಾಡ್, ಟ್ಯಾಪೆಟ್, ಕ್ಯಾಮ್ ಇವುಗಳಲ್ಲಿ ಯಾವುದೋ ಸವೆದಿದೆ ಅಥವಾ ಬಾಗಿದೆ. ಎಂಜಿನ್ ತಿರುಗಿಸುತ್ತಾ ಆ ರಾಕರ್ ಎಷ್ಟು ಎತ್ತರ ಏಳುತ್ತದೆ ಅಂತ ಪಕ್ಕದ ಸಿಲಿಂಡರಿನ ಅದೇ ಬಗೆಯ ರಾಕರಿನ ಜೊತೆ ಹೋಲಿಸಿ. ಗ್ಯಾಪ್ ಸರಿ ಮಾಡಿದ ಮೇಲೂ ಇದು ಕಡಿಮೆ ಏಳುತ್ತಿದ್ದರೆ ಕ್ಯಾಮ್ ಲೋಬ್ ಸವೆದಿರುವ ಸಾಧ್ಯತೆ ಜಾಸ್ತಿ. ಎಣ್ಣೆ ಬದಲಾಯಿಸುವಾಗ ಹಳೆ ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಪುಡಿ ಇದೆಯಾ ನೋಡಿ.

ಮುಚ್ಚುವುದು, ಸ್ಟಾರ್ಟ್ ಮಾಡುವುದು

ಕವರ್ ಹಾಕುವ ಮೊದಲು ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾ ರಾಕರುಗಳೂ ಸರಾಗವಾಗಿ ಏಳಬೇಕು, ಇಳಿಯಬೇಕು. ಎಲ್ಲಾದರೂ ಲೋಹಕ್ಕೆ ಲೋಹ ತಾಗಿದ ಹಾಗೆ ಗಟ್ಟಿಯಾಗಿ ನಿಂತರೆ ಬಲ ಹಾಕದೆ ಕಾರಣ ಹುಡುಕಿ. ನಂತರ ಮೂರು ನಾಲ್ಕು ವಾಲ್ವುಗಳನ್ನು, ಅದರಲ್ಲೂ ಅನುಮಾನ ಇದ್ದವನ್ನು, ಮತ್ತೊಮ್ಮೆ ಅಳೆಯಿರಿ. ಸ್ಪ್ಯಾನರ್, ಎಲೆ, ಬಟ್ಟೆ ಎಲ್ಲಾ ಎಣಿಸಿ. ಟೈಮಿಂಗ್ ಪಿನ್ ಹೊರಗಿದೆಯಾ, ಬಾರಿಂಗ್ ಟೂಲ್ ತೆಗೆದು ಮುಚ್ಚಳ ಹಾಕಿದ್ದೀರಾ ನೋಡಿ.

ಹಳೆ ಗ್ಯಾಸ್ಕೆಟ್ ಕೆರೆಯುವಾಗ ಚೂರು ಒಳಗೆ ಬೀಳದ ಹಾಗೆ ಬಟ್ಟೆ ಹಾಸಿ. ಎರಡೂ ಮುಖ ಒರೆಸಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟುಗಳನ್ನು ನಡುವಿನಿಂದ ಹೊರಗೆ ಹಂತ ಹಂತವಾಗಿ ಬಿಗಿ ಮಾಡಿ. ಕವರ್ ಬೋಲ್ಟಿಗೆ ಜಾಸ್ತಿ ಬಲ ಬೇಡ, ಗ್ಯಾಸ್ಕೆಟ್ ಹಿಂಡಿದರೆ ಅಲ್ಲೇ ಸೋರುತ್ತದೆ.

ಬ್ಯಾಟರಿ ಜೋಡಿಸಿ. ಡೀಸೆಲ್ ಕಟ್ ಮಾಡುವ ವ್ಯವಸ್ಥೆ ಇದ್ದರೆ ಕಟ್ ಮಾಡಿಟ್ಟುಕೊಂಡು ಕೆಲವು ಸೆಕೆಂಡ್ ಸೆಲ್ಫ್ ಹೊಡೆಯಿರಿ, ರಾಕರಿಗೆ ಎಣ್ಣೆ ಏರಲಿ. ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಅರ್ಧ ನಿಮಿಷ ಸ್ವಲ್ಪ ಟಕಟಕ ಬರಬಹುದು, ಎಣ್ಣೆ ತುಂಬಿದ ಮೇಲೆ ಇಳಿಯುತ್ತದೆ. ಒಂದೇ ಸಿಲಿಂಡರಿನಿಂದ ಜೋರಾಗಿ ಹೊಡೆತ ಕೇಳಿದರೆ ಕೂಡಲೇ ಆಫ್ ಮಾಡಿ, ಪುಶ್ ರಾಡ್ ತನ್ನ ಬಟ್ಟಲಿನಿಂದ ಜಾರಿರಬಹುದು. ಇಲ್ಲದಿದ್ದರೆ ಹದಿನೈದು ನಿಮಿಷ ಓಡಲು ಬಿಟ್ಟು ಕವರ್ ಸುತ್ತ ಎಣ್ಣೆ ಜಿನುಗುತ್ತಿದೆಯಾ ನೋಡಿ.

ಬಿಗಿ ಇದ್ದ ಎಂಜಿನ್ ಸೆಟ್ ಆದ ಮೇಲೆ ಮೊದಲಿಗಿಂತ ಸ್ವಲ್ಪ ಜಾಸ್ತಿ ಶಬ್ದ ಮಾಡಬಹುದು. ಸಮವಾದ, ಹೊಲಿಗೆ ಮಿಶಿನ್ನಿನಂಥ ಮೆಲು ಟಕಟಕ. ಅದನ್ನು ಕೇಳಿ ಮತ್ತೆ ಬಿಗಿ ಮಾಡಲು ಹೋಗಬೇಡಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಹೇಗಾಗುತ್ತದೆ, ಹೊಗೆ ಎಷ್ಟು ಹೊತ್ತು ಇರುತ್ತದೆ ಅಂತ ಗಮನಿಸಿ. ತಾರೀಖು, ಓಡೋಮೀಟರ್ ಅಂಕಿ, ಹಳೆಯ ಗ್ಯಾಪ್, ಹೊಸ ಗ್ಯಾಪ್ ಜೊತೆಗೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಕವರ್ ಬಿಚ್ಚಿದಾಗ ಮೊದಲು ತೆರೆಯಬೇಕಾದದ್ದು ಆ ಪುಟ.